ಸರಳಿನ ತುದಿ ಯಾವ ಕಡೆ

ಕೊತ್ತಂಬರಿ ವಾಸನೆ, ಮಾರ್ಕೆಟ್ ಯಾರ್ಡಿನಿಂದ ಹೊರಟ ಟೆಂಪೋ ಇರಬೇಕು, ಕಿಟಕಿಯ ಕೆಳಗೆ ನಿಂತಿದೆ, ಎಂಜಿನ್ನಿನ ನಡುಕ ಗೋಡೆ ಹತ್ತಿ ಮೇಜಿಗೆ ಬಂದು ನನ್ನ ಮೊಣಕೈಯೊಳಗೆ ಸೇರುತ್ತಿದೆ, ಈಗ ಉಳಿ ಹಿಡಿಯಬಾರದು, ಟೆಂಪೋ ಹೋಗಲಿ — ಇದೂ ಒಂದು ನೆಪ, ಬೆಳಗಿನಿಂದ ನೆಪಗಳೇ, ಮೊದಲು ಚಹಾ, ಆಮೇಲೆ ಉಳಿಗೆ ಸಾಣೆ, ಆಮೇಲೆ ಸಾಣೆ ಹಿಡಿದ ಉಳಿಗೆ ಮತ್ತೆ ಸಾಣೆ. ಎದುರಿಗೆ ಗಿಟಾರಿನ ಕುತ್ತಿಗೆ ಅಂಗಾತ ಮಲಗಿದೆ, ಮಹಾಗನಿ, ಮಾರ್ತಾಂಡ ಕೆತ್ತಿದ್ದು, ನಡುವೆ ಉದ್ದಕ್ಕೆ ಅವನು ತೆಗೆದ ತೋಡು, ಉಕ್ಕಿನ ಸರಳು ಕೂರುವ ತೋಡು, ಎರಡೂ ತುದಿ ಮುಟ್ಟುವ ಮೊದಲೇ ನಿಂತುಬಿಟ್ಟಿದೆ. ಆ ಮಧ್ಯಾಹ್ನ ಉಳಿ ಕೆಳಗಿಟ್ಟು, ಸುರಭಿ, ಸ್ವಲ್ಪ ನೀರು ಕೊಡು ಅಂದ, ನಾನು ನೀರು ತರುವಷ್ಟರಲ್ಲಿ ನೆಲದ ಮೇಲೆ ಕೂತಿದ್ದ, ಗೋಡೆಗೆ ಒರಗಿ, ಮೀಸೆಯ ಮೇಲೆ ಮರದ ಪುಡಿ — ಆಸ್ಪತ್ರೆಗೆ ಒಯ್ದೆವು, ಹೃದಯ ನಿಂತಿದೆ ಎಂದರು, ನಾನು ಒಬ್ಬಳೇ ರಿಕ್ಷಾದಲ್ಲಿ ಮರಳಿ ಬಂದೆ, ಅವನ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು.

ತಂತಿಗಳು ಸದಾ ಕುತ್ತಿಗೆಯನ್ನು ಎಳೆಯುತ್ತಲೇ ಇರುತ್ತವೆ, ಮರ ಬಾಗುತ್ತದೆ, ಪುಣೆಯ ಮಳೆಗಾಲದಲ್ಲಿ ಒಂದು ಥರ, ಏಪ್ರಿಲ್ಲಿನ ಒಣ ಬಿಸಿಲಿಗೆ ಇನ್ನೊಂದು ಥರ, ಒಳಗಿನ ಸರಳು ಅದನ್ನು ಎದುರು ಎಳೆದು ನೆಟ್ಟಗೆ ಇಡಬೇಕು, ಸರಳನ್ನು ಬಿಗಿಮಾಡುವ ತಿರುಪು ಒಂದು ತುದಿಯಲ್ಲಿ ಕೈಗೆ ಸಿಗಬೇಕು, ಇಷ್ಟೇ, ಆದರೆ ಯಾವ ತುದಿಯಲ್ಲಿ, ನಮ್ಮ ಮದುವೆಯಷ್ಟೇ ಹಳೆಯ ಜಗಳ ಅದು. ಮೇಲೆ, ತಂತಿ ಸುತ್ತುವ ತಲೆಯ ಹತ್ತಿರ, ಸಣ್ಣ ಮುಚ್ಚಳದ ಕೆಳಗೆ, ಎನ್ನುತ್ತಿದ್ದ ಮಾರ್ತಾಂಡ, ಬಾರಿಸೋ ಮನಷ್ಯಾಗ ತನ್ನ ಗಿಟಾರು ತಾನ ಸರಿಮಾಡಿಕೊಳ್ಳಾಕ ಬರಬೇಕು, ಪ್ರತಿ ಸಲ ನಮ್ಮ ಬಾಗಿಲಿಗೆ ಯಾಕ ಓಡಿ ಬರಬೇಕು. ಕುತ್ತಿಗೆ ಹಿಂದಕ್ಕೆ ಬಾಗಿ ತಲೆಯಾಗುವ ಜಾಗವೇ ಎಲ್ಲಕ್ಕಿಂತ ತೆಳುವು, ಅಲ್ಲೇ ತೂತು ತೋಡಿದರೆ ಬಿದ್ದಾಗ ಅಲ್ಲೇ ಮುರಿಯುತ್ತದೆ, ಎನ್ನುತ್ತಿದ್ದೆ ನಾನು, ತಿರುಪು ಗಿಟಾರಿನ ಹೊಟ್ಟೆಯೊಳಗೆ ಇರಲಿ, ದುಂಡು ರಂಧ್ರದಿಂದ ಉದ್ದ ಕೀಲಿ ಹಾಕಿ ತಿರುಗಿಸಲಿ, ಕಷ್ಟ ನಿಜ, ಆದರೆ ಮರ ಗಟ್ಟಿ. ಕೊನೆಗೆ ಒಪ್ಪಂದವಾಗಿತ್ತು, ಕುತ್ತಿಗೆ ಯಾರು ಕೆತ್ತಿದರೋ ಅವರ ಮಾತು ನಡೆಯಬೇಕು. ಈ ಕುತ್ತಿಗೆ ಅವನದು. ಅರ್ಧ.

ಅತ್ತೆ ರಾಧಾಬಾಯಿ ನಿನ್ನೆ ಸೊಪ್ಪು ಬಿಡಿಸುತ್ತ, ನನ್ನ ಮುಖ ನೋಡದೆ, ಅವನ ಕಡೀ ಕೆಲಸ ಅದು, ಅವ ಹ್ಯಾಂಗ ಮಾಡತಿದ್ದನೋ ಹಂಗ ಮಾಡಿಬಿಡವಾ, ಎಂದರು. ಮಗನನ್ನು ಕಳೆದುಕೊಂಡವರಿಗೆ ಇಲ್ಲ ಎನ್ನುವುದು ಹೇಗೆ, ಹೂಂ ಎಂದೆ. ಈ ಗಿಟಾರು ಮಾಡಲು ಹೇಳಿದವನು ಹವಾಲ್ದಾರ ಹೊಳಬಸಪ್ಪ, ಧಾರವಾಡದ ಕಡೆಯವನು, ದೇಹೂ ರೋಡಿನ ಕ್ಯಾಂಟೋನ್ಮೆಂಟಿನಲ್ಲಿದ್ದಾನೆ, ಸುದ್ದಿ ಕೇಳಿ ಬಂದು ಬಾಗಿಲಲ್ಲೇ ನಿಂತಿದ್ದ, ಅಕ್ಕಾರ, ನೀವು ಹ್ಯಾಂಗ ಮಾಡಿದ್ರೂ ನನಗ ನಡೀತದರಿ, ಮಾಡದಿದ್ರೂ ನಡೀತದರಿ. ನೀರು ಕುಡಿದು ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದ, ಹಿಂದಿನ ಬದಲಿಯೊಳಗ ಟ್ರಕ್ಕಿನಾಗ ಟ್ರಂಕು ಮ್ಯಾಲೆ ಬಿದ್ದು ನನ್ನ ಹಳೇ ಗಿಟಾರು ಹೋತರಿ, ತಲಿ ಮುರದು ತಂತಿಗೆ ಜೋತಾಡತಿತ್ತು, ಈಗ ಲಡಾಖಕ್ಕ ಹಾಕ್ಯಾರ. ಲಡಾಖಿನ ಚಳಿಯಲ್ಲಿ ಮರ ಹೇಗೆ ಒಣಗೀತೋ, ಅಲ್ಲಿ ನೋಡುವವರು ಯಾರು, ಅದಕ್ಕ ಹೇಳತೇನಿ ತಿರುಪು ಮ್ಯಾಲೆ ಇರಲಿ, ಇದು ಮಾರ್ತಾಂಡ, ಇಷ್ಟು ಸ್ಪಷ್ಟ ಕೇಳಿಸುತ್ತದೆ, ಮತ್ತ ಟ್ರಕ್ಕಿನಾಗ ಟ್ರಂಕು ಬಿದ್ರ ತಲಿ ಮುರೀತದ, ಇದು ನಾನು, ಎರಡೂ ನಾನೇ ಹೇಳಬೇಕು ಈಗ, ಎರಡೂ ಕಡೆ ನಾನೇ ಕೂತರೆ ಗೆಲ್ಲುವುದು ಎಷ್ಟು ಸುಲಭ, ಎಷ್ಟು ಅಸಹ್ಯ.

ಟೆಂಪೋ ಹೋಯಿತು. ಮೇಜು ಸುಮ್ಮನಾಯಿತು. ಉಳಿಯನ್ನು ತಲೆಯ ಕಡೆ ಇಟ್ಟೆ, ಇಟ್ಟೇಬಿಟ್ಟೆ, ಅವನದೇ ಆಗಲಿ, ಸತ್ತವನ ಮಾತು ಒಂದು ಸಲ ನಡೆದರೆ ಏನು ಹೋಗುತ್ತದೆ — ಆಗ ಅವನ ಜ್ವರದ ದಿನ ನೆನಪಿಗೆ ಬಂತು, ಡೆಂಗಿಯಾಗಿ ಮಲಗಿದ್ದ, ಕಣ್ಣು ಕೆಂಡ, ಮಲಗಿದಲ್ಲೇ ಇದೇ ವಾದ, ಪಾಪ ಅನಿಸಿ ನಾನು, ಆಯ್ತು ಮಾರಾಯ, ನಿಂದ ಖರೆ ಎಂದುಬಿಟ್ಟೆ. ಎದ್ದು ಕೂತ. ಜಡ್ಡಾಗೇನಿ ಅಂತ ಸೋಲಬ್ಯಾಡ ಸುರಭಿ, ಖರೆ ಅನಿಸಿದ್ರ ಸೋಲು, ಇಲ್ಲಾಂದ್ರ ಜಗಳಾ ಮಾಡು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತನ್ನ ಜ್ವರಕ್ಕೆ ನಾನು ಸೋತದ್ದನ್ನೇ ಕ್ಷಮಿಸದವನು ಸಾವಿಗೆ ಸೋತರೆ ಕ್ಷಮಿಸುತ್ತಾನೆಯೇ. ಕುತ್ತಿಗೆಯನ್ನು ತಿರುಗಿಸಿಟ್ಟೆ, ಬುಡದ ಕಡೆ ಉಳಿ, ಮೊದಲ ಚೂರು ಎದ್ದಿತು, ಕೆಂಪಗೆ, ಆಮೇಲೆ ಕೈ ನಿಲ್ಲಲಿಲ್ಲ, ಅವನ ತೋಡನ್ನು ಹೊರಗೆ ತಂದೆ, ಗಿಟಾರಿನ ಹೊಟ್ಟೆಯೊಳಗಿನ ಅಡ್ಡಪಟ್ಟಿಗೆ ಕೀಲಿ ಹಾಯುವಷ್ಟು ತೂತು ಕೊರೆದೆ, ತಿರುಗಿದರೆ ಅತ್ತೆ, ಯಾವಾಗ ಬಂದರೋ, ಹಿಂದೆ ನಿಂತಿದ್ದಾರೆ. ಯಾವ ಕಡೆ ಮಾಡಿದಿ. ನನ್ನ ಕಡೆರಿ. ಬಹಳ ಹೊತ್ತು ಕುತ್ತಿಗೆಯ ಮೇಲೆ ಕೈಯಾಡಿಸಿದರು, ಮಗನ ತಲೆ ಸವರಿದ ಹಾಗೆ. ಅವ ಇದ್ದಿದ್ರ ಭಾಳ ಒದರಾಡತಿದ್ದ. ಹೌದ್ರಿ, ಎಂದೆ. ಒದರಾಡಿ ಉಣ್ಣಾಕ ಬರತಿದ್ದ, ಎಂದರು, ಸೆರಗಿನಿಂದ ಕಣ್ಣು ಒರೆಸಿಕೊಂಡು, ನೀನೂ ಉಣ್ಣಾಕ ಬಾ.

ದಸರೆ ಮುಗಿದಿದೆ, ಗಿಟಾರು ಮುಗಿದಿದೆ, ಹೊಳಬಸಪ್ಪ ಬಂದಿದ್ದಾನೆ, ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತು ಬಾರಿಸುತ್ತಾನೆ, ದಪ್ಪ ಬೆರಳು, ಮೆತ್ತಗಿನ ನಾದ, ಕಿವಿ ಮರಕ್ಕೆ ಹಚ್ಚಿ ಕೇಳುತ್ತಾನೆ, ಚೊಲೋ ಅದರಿ ಎನ್ನುತ್ತಾನೆ. ಉದ್ದ ಕೀಲಿಯನ್ನು ನಾನೇ ಬಗ್ಗಿಸಿ ಮಾಡಿದ್ದೇನೆ, ಇನ್ನೊಂದು ಜೊತೆಗೆ ಇರಲಿ ಎಂದು ಪೆಟ್ಟಿಗೆಯಲ್ಲಿ ಕಟ್ಟಿದ್ದೇನೆ, ಇಲ್ಲಿ ಬರ್ರಿ, ಕಲಿಸತೇನಿ, ಅಲ್ಲಿ ನೀವ ಮಾಡಿಕೊಳ್ಳಬೇಕು. ನಡುವಿನ ತಂತಿಗಳನ್ನು ಸಡಿಲಿಸಿ ಬೆರಳುಗಳನ್ನು ರಂಧ್ರದೊಳಗೆ ಇಳಿಸುತ್ತೇನೆ, ಕಣ್ಣಿಗೆ ಕಾಣುವುದಿಲ್ಲ, ಕೀಲಿ ತಡವರಿಸುತ್ತದೆ, ಕೂರುತ್ತದೆ. ಬಲಕ್ಕ ತಿರುವಿದ್ರ ಕುತ್ತಿಗಿ ಹಿಂದಕ ಹೋಗತದ, ಒಮ್ಮೆಲೇ ಭಾಳ ತಿರುವಬ್ಯಾಡ್ರಿ, ಎನ್ನುತ್ತೇನೆ, ಮಾತು ನಿಲ್ಲಿಸುತ್ತೇನೆ — ಇಲ್ಲಿ ಮಾರ್ತಾಂಡ ಬಾಯಿ ಹಾಕುತ್ತಿದ್ದ, ಪ್ರತಿ ಗಿರಾಕಿಯ ಮುಂದೆಯೂ, ನೋಡ್ರಿ, ಇಕಿ ನಿಮ್ಮ ಕಡಿಂದ ಬಾವ್ಯಾಗ ಕೈ ಹಾಕಸ್ತಾಳ, ಗಿರಾಕಿ ನಗುತ್ತಿದ್ದ, ನಾನು ಸಿಟ್ಟಿನಿಂದ ತಿರುಗಿ ನೋಡುತ್ತಿದ್ದೆ, ಆಮೇಲೆ ಪಾಠ ಮುಂದುವರಿಯುತ್ತಿತ್ತು. ಆ ಮಾತಿಗೆ ಜಾಗ ಬಿಟ್ಟು ಕೂತಿದ್ದೇನೆ. ಬೆರಳುಗಳು ಒಳಗಿನ ಕತ್ತಲಲ್ಲಿ, ಕೀಲಿ ತಿರುಪಿನ ಮೇಲೆ. ಹೊಳಬಸಪ್ಪ ನನ್ನನ್ನು ನೋಡುತ್ತಾನೆ, ಕೆಳಗೆ ನೋಡುತ್ತಾನೆ, ಮುಂದ ಹೇಳ್ರಿ ಅಕ್ಕಾರ ಎನ್ನುತ್ತಾನೆ ಮೆಲ್ಲಗೆ, ಹೇಳಬೇಕು, ಹೇಳುತ್ತೇನೆ, ಬೆರಳುಗಳು ಒಳಗಿನ ಕತ್ತಲಲ್ಲಿ, ಕೀಲಿ ತಿರುಪಿನ ಮೇಲೆ, ತಿರುಗದೆ, ಬೆರಳುಗಳು ಕತ್ತಲಲ್ಲಿ —