ನಾಲ್ಕು ತೂತು

"ಇವು ಕಾಲೇನೇ? ಕೊಳೆತ ಗೆಣಸಿದ್ದಂಗವೆ! ಪಕ್ಕದ ಬೀದೀಲೇ ಇದ್ಕೊಂಡು ಏನ್ ಕಡ್ದು ಕಟ್ಟೆ ಹಾಕ್ತಿದ್ದೆ ನೀನು?"

ರವೀಶ್ ಕೂಗಿದ ರಭಸಕ್ಕೆ, ಜಗಲಿಯ ಮೇಲಿನ ಹೆಣದ ಸುತ್ತ ಅಳುತ್ತಿದ್ದ ಹೆಂಗಸರು ಬಾಯಿ ಮುಚ್ಚಿದರು. ಮೈತೊಳೆಯುವ ಮುನ್ನ ಪಂಚೆ ಸರಿಸಿದಾಗ ಅಪ್ಪನ ಪಾದಗಳು ಅವನ ಕಣ್ಣಿಗೆ ಬಿದ್ದಿದ್ದವು. ಬೆಳ್ಳಗೆ ಊದಿ, ಬೆರಳಸಂದಿಯೆಲ್ಲ ಹುಣ್ಣು.

ಅಕ್ಕ ದಾಕ್ಷಾಯಣಿ ಅವನ ಮುಖ ನೋಡಲಿಲ್ಲ. "ಮೀನು ಹಿಡಿಯೋರ ಕಾಲು ಇನ್ನೆಂಗಿರ್ತವೆ? ಸುಮ್ಕಿರು."

"ನಲವತ್ತು ವರ್ಷ ಇದೇ ಕೊತ್ತಗೆರೆ ಕೆರೇಲಿ ದೋಣಿ ಬಿಟ್ಟವ್ನೆ. ಯಾವತ್ತಾದ್ರೂ ಹಿಂಗಾಗಿತ್ತಾ? ಎದೆ ಕಟ್ಕೊಂಡಿರೋ ಮುದುಕನ್ನ ನೀರಿಗೆ ಬಿಟ್ಟು, ಆಮೇಲೆ ನ್ಯುಮೋನಿಯಾ ಅಂತ ಫೋನ್ ಮಾಡ್ತೀಯಾ?"

"ಬುಡೋ ರವಿ," ಎಂದ ಕೆಂಪಯ್ಯ, ಸತ್ತ ಚಿಕ್ಕಮಾರಯ್ಯನ ಜೊತೆ ಬಲೆ ಎಳೆಯುತ್ತಿದ್ದವನು. "ಯಮ ಬಾ ಅಂದ್ರೂ ನಿಮ್ಮಪ್ಪ ಮೊದ್ಲು ಕೇಳಿರ್ತಾನೆ, ಅಲ್ಲಿ ಕೆರೆ ಐತಾ ಅಂತ."

ದಾಕ್ಷಾಯಣಿ ಹಲ್ಲುಕಚ್ಚಿ ಕೂತಳು. ರವಿಗೆ ಹೇಳಕೂಡದೆಂದು ಅಪ್ಪ ಭಾಷೆ ತೆಗೆದುಕೊಂಡಿದ್ದ. ಅಪ್ಪ ಪ್ರಾಣ ಬಿಟ್ಟು ಇನ್ನೂ ಒಂದು ಹಗಲೂ ಕಳೆದಿಲ್ಲ.

*

ಕಾರ್ತೀಕದಲ್ಲಿ ರವೀಶ್ ತುಮಕೂರಿನಿಂದ ಮೀನು ತೋರಿಸುವ ಮಿಷಿನ್ನು ತಂದಿದ್ದ. ಅಲ್ಲಿ ಬೈಕ್ ಗ್ಯಾರೇಜಿನಲ್ಲಿ ಅವನಿಗೆ ಕೆಲಸ. ಪರದೆ ಕಣ್ಣೆದುರಿಗೆ, ಸದ್ದು ಕಳಿಸಿ ಮೀನು ಪತ್ತೆ ಮಾಡುವ ಗುಂಡು ಮಾತ್ರ ದೋಣಿಯ ಹಿಂಬದಿಯಲ್ಲಿ ನೀರೊಳಗೆ ಮುಳುಗಿರಬೇಕು.

"ಕೋಲಿಗೆ ಕಟ್ಟಿ ಇಳಿಬುಡಾನ ಕಣ್ಲಾ, ತೂತು ಬ್ಯಾಡ," ಎಂದ ಅಪ್ಪ.

"ನಿಂಗೊತ್ತಾಗಲ್ಲ, ಸುಮ್ನಿರಪ್ಪ."

ರವೀಶ್ ಡ್ರಿಲ್ ಹಿಡಿದು ದೋಣಿಯ ಹಿಂಬದಿ ಹಲಗೆಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ನಾಲ್ಕು ತೂತು ಕೊರೆದ. ಅಂಟು ತುಂಬಿ ಸ್ಕ್ರೂ ಬಿಗಿದ. ಇಡೀ ದಿನ ಒಣಗಬೇಕೆಂದು ಟ್ಯೂಬಿನ ಮೇಲೇ ಬರೆದಿತ್ತು. ಆದರೆ ಅವನಿಗೆ ನಾಲ್ಕರ ಬಸ್ಸು. ಅರ್ಧ ಗಂಟೆಗೇ ದೋಣಿ ನೀರಿಗೆ ತಳ್ಳಿದ.

ಪರದೆಯಲ್ಲಿ ಮೀನು ಮಿಣುಕಿದಾಗ ಅಪ್ಪ ಬೆನ್ನು ತಟ್ಟಿ, "ಗಟ್ಟಿ ಕೆಲಸ ಕಣ್ಲಾ," ಅಂದ. ಹತ್ತನೇ ಕ್ಲಾಸು ಫೇಲಾದ ಮಗನನ್ನು ಬೈದು ಬೈದೇ ಬೆಳೆಸಿದ ಬಾಯಿ ಅದು. ಬಸ್ಸು ಬರುವವರೆಗೂ ರವೀಶ್ ಒಬ್ಬನೇ ನಗುತ್ತ ನಿಂತಿದ್ದ.

ಮಾರನೆಯ ದಿನವೇ ನೀರು ಜಿನುಗಿತು. ಅಪ್ಪ ತಾರು ಬಳಿದ, ಚಿಂದಿ ತುರುಕಿದ. ನಿಲ್ಲಲಿಲ್ಲ.

"ಬಿಚ್ಚಿ ಎಸಿ ಅತ್ಲಾಗೆ," ಎಂದಳು ದಾಕ್ಷಾಯಣಿ.

"ಬಂದಾಗೆಲ್ಲ ಅದನ್ನೇ ಸವರ್ತಾನೆ ಕಣವ್ವ. ಗಟ್ಟಿ ಅಂದ್ಬುಟ್ಟಿದೀನಿ. ಹುಟ್ಟಿದಾಗಿಂದ ಒಂದೇ ಸಲ ಅಂದಿರೋದು. ಹೆಂಗೆ ವಾಪಸ್ ತಗಳ್ಳಿ?"

ಮಗ ಬರುವ ದಿನ ದೋಣಿ ದಡದ ಮೇಲಿರುತ್ತಿತ್ತು, ಅಪ್ಪನ ಕಾಲು ಕಂಬಳಿಯೊಳಗೆ. ಉಳಿದ ದಿನ ಮಾಗಿಯ ಚಳಿಯಲ್ಲಿ, ದೋಣಿಯೊಳಗೆ ಮೀನಖಂಡದವರೆಗಿನ ನೀರಲ್ಲಿ ನಿಂತು, ಡಬ್ಬದಲ್ಲಿ ಮೊಗೆದು ಚೆಲ್ಲುತ್ತ ಮುದುಕ ಬಲೆ ಬಿಡುತ್ತಿದ್ದ.

*

"ಮಾತಾಡೇ! ನೀನೇ ಕಣೇ ಅಪ್ಪನ್ನ ಕೊಂದಿದ್ದು!"

ದಾಕ್ಷಾಯಣಿ ಧಡಕ್ಕನೆ ಎದ್ದಳು. ಕೈಯಲ್ಲಿದ್ದ ಅರಿಶಿನದ ಬಟ್ಟಲು ನೆಲಕ್ಕೆ ಬಿತ್ತು.

"ನಾನಲ್ಲ ಕಣೋ, ನಿನ್ನ ನಾಲ್ಕು ತೂತು! ದೋಣಿಗೆ ನೀರು ಬರ್ತಿತ್ತು. ಮೂರು ತಿಂಗಳು ಅದರಲ್ಲೇ ನಿಂತು ತೋಡ್ದ. ನಿಂಗೆ ನೋವಾಗ್ತದೆ ಅಂತ ಬಾಯಿ ಬಿಡಲಿಲ್ಲ ನಮ್ಮ ಮುದುಕ!"

ರವೀಶ್ ಕೆಂಪಯ್ಯನ ಕಡೆ ತಿರುಗಿದ. ಕೆಂಪಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಹೆಣ ತೊಳೆಯುವ ನೀರನ್ನು ಮಗನೇ ಕೆರೆಯಿಂದ ತರಬೇಕು. ರವೀಶ್ ಹಿತ್ತಾಳೆ ಬಿಂದಿಗೆ ಎತ್ತಿಕೊಂಡು ಹೊರಟ. ದಾಕ್ಷಾಯಣಿ ಚೆಲ್ಲಿದ ಅರಿಶಿನವನ್ನು ಬಟ್ಟಲಿಗೆ ಬಳಿದುಕೊಂಡಳು.

ಬಿಸಿಲು ಜಗಲಿ ದಾಟಿತು. ಗುಂಡಿ ತೋಡಿದವರು ಬಂದು ಬೀಡಿ ಸೇದಿ, ಕಾದು ಸುಸ್ತಾದರು. ಕೊನೆಗೆ ದಾಕ್ಷಾಯಣಿಯೇ ಕೆರೆಗೆ ನಡೆದಳು.

ರವೀಶನ ಕೆಸರಿನ ಹೆಜ್ಜೆಗಳು ಕೆರೆ ಏರಿ ಹತ್ತಿ, ತುಮಕೂರಿನ ಬಸ್ಸು ನಿಲ್ಲುವ ಕುಣಿಗಲ್ ರಸ್ತೆಯ ಡಾಂಬರಿನ ಅಂಚಿನಲ್ಲಿ ನಿಂತುಹೋಗಿದ್ದವು. ದಡದಲ್ಲಿ ಬಿಂದಿಗೆ ಕಂಠಮಟ್ಟ ತುಂಬಿ ಕೂತಿತ್ತು. ಅದರೊಳಗೆ ಬೆರಳುದ್ದದ ಮೀನುಮರಿಯೊಂದು ಸುತ್ತು ಹೊಡೆಯುತ್ತಿತ್ತು.