ಸುಣ್ಣದ ಕೆಳಗಿನ ಮದ್ದು

"ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತದವನು ನನಗೆ ಪಾಠ ಹೇಳ್ತಾನೆ! ಕತ್ತೆಗೆ ಖಾಕಿ ಹಾಕಿದ್ರೆ ಡಾಕ್ಟರಾಗುತ್ತೇನೋ?"

ಮಲೇರಿಯಾ ಇನ್ಸ್‌ಪೆಕ್ಟರ್ ಸದಾಶಿವಯ್ಯ ಮಂಡಕಳ್ಳಿಯ ಅರಳಿಕಟ್ಟೆಯ ಮುಂದೆ ಹೀಗೆ ಕೂಗಿದಾಗ ಕಟ್ಟೆಯ ಮೇಲಿದ್ದವರು ಕಿಸಕ್ಕೆಂದರು. ಮನೆಗೋಡೆಗಳಿಗೆ ಸೊಳ್ಳೆಮದ್ದು ಡಿ.ಡಿ.ಟಿ. ಹೊಡೆಯಲು ಮೈಸೂರಿನಿಂದ ಅವರ ಜೊತೆ ಬಂದಿದ್ದ ಜವರಯ್ಯನ ಕಿವಿ ಕಾದುಹೋಯಿತು. ಅವನು ಕೇಳಿದ್ದು ಇಷ್ಟೇ: ಇವತ್ತು ಬೇಡ, ನಾಳೆ ಹೊಡೆಯೋಣ.

ಕಾರಣ ಕುರುಡನಿಗೂ ಕಾಣುವಂಥದು. ಇಸವಿ ಐವತ್ತನಾಲ್ಕರ ಮಾರ್ಚ್ ಮೂವತ್ತು. ಉಗಾದಿಗೆ ಐದೇ ದಿನ. ಮನೆಮನೆಯ ಮುಂದೂ ಸುಣ್ಣ ನೆನೆಯುತ್ತಿತ್ತು. ಹೋದ ವರ್ಷವೂ ಹಬ್ಬಕ್ಕೆ ಮುಂಚೆಯೇ ಮದ್ದು ಹೊಡೆದಿದ್ದರು. ಹೆಂಗಸರು ಅದರ ಮೇಲೇ ಸುಣ್ಣ ಬಳಿದಿದ್ದರು. ಮದ್ದು ಸುಣ್ಣದ ಕೆಳಗೆ, ಸೊಳ್ಳೆ ಸುಣ್ಣದ ಮೇಲೆ. ಮಳೆಗಾಲದಲ್ಲಿ ಚಳಿಜ್ವರ ಬಂತು. ಇದೇ ಊರಿಗೆ ಕೊಟ್ಟಿದ್ದ ಜವರಯ್ಯನ ಅಕ್ಕ ದೇವಿರಮ್ಮನ ಹಿರಿಮಗಳು ಅದರಲ್ಲೇ ಹೋದಳು. ಈಗ ತೊಟ್ಟಿಲಲ್ಲಿ ಇನ್ನೊಂದು ಕೂಸಿದೆ.

"ನಾಳೆಗೆ ಸರ್ಕಾರದ ವರ್ಷ ಮುಗಿಯುತ್ತೆ, ನಾನು ಆಫೀಸಿಗೆ ಲೆಕ್ಕ ಒಪ್ಪಿಸಬೇಕು. ಸಂಜೆಗೆ ಡ್ರಮ್ಮು ಖಾಲಿ ಆಗ್ಬೇಕು. ಉಳಿದ್ರೆ ಬರೋ ವರ್ಷ ಕಡಿಮೆ ಕೊಡ್ತಾರೆ," ಎಂದರು ಸದಾಶಿವಯ್ಯ.

"ಗೋಡೆಗೆ ಸುರಿದ್ರೇನು, ಚರಂಡಿಗೆ ಸುರಿದ್ರೇನು, ಖಾಲಿ ಆಯ್ತದಲ್ಲ ಸಾರ್!" ಎಂದ ಜವರಯ್ಯ.

ಈ ಸಲ ಯಾರೂ ನಗಲಿಲ್ಲ.

ಜವರಯ್ಯ ಸುಣ್ಣ ಕಲಸುತ್ತಿದ್ದ ಮುದುಕಿ ಬೋರಮ್ಮನತ್ತ ತಿರುಗಿದ. "ಬೋರವ್ವ, ಈ ಸಲ ಬಳೀದೆ ಬುಟ್ಟುಬುಡ್ತೀಯಾ?"

"ಹಬ್ಬದಲ್ಲಿ ಗೋಡೆ ಮಾಸ್ಕಂಡಿದ್ರೆ ಸೂತಕದ ಮನೆ ಅನ್ನಲ್ವೇನೋ? ಬೇಕಾದ್ರೆ ಇವತ್ತೇ ಎಲ್ರೂ ಬಳ್ದುಬುಡ್ತೀವಿ ಕಣಪ್ಪ. ನಾಳೆ ಒಣಗಿದ ಮ್ಯಾಲೆ ನಿನ್ ಮದ್ದು ಹೊಡ್ಕೊ."

"ಕೇಳಿದ್ರಾ ಸಾರ್? ಒಂದೇ ಒಂದು ದಿನ."

"ಇವಳ ಸುಣ್ಣ ಒಣಗೋವರೆಗೂ ಸರ್ಕಾರ ಕಾಯ್ಬೇಕೇನೋ? ಪಂಪು ಹಿಡಿ! ನಿಮ್ಮಕ್ಕನ ಮನೆಯಿಂದಲೇ ಶುರು ಮಾಡು."

ದೇವಿರಮ್ಮ ಕೂಸನ್ನು ಹೆಗಲಿಗೆ ಒತ್ತಿಕೊಂಡು ಎದುರಿಗಿದ್ದ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ತಮ್ಮನನ್ನೇ ನೋಡುತ್ತಿದ್ದಳು.

ಜವರಯ್ಯ ಪಂಪು ಎತ್ತಿದ. ಕೊಳವೆಯ ತುದಿಯ ಹಿತ್ತಾಳೆ ಮೂತಿಯನ್ನು ತಿರುಗಿಸಿ ತಿರುಗಿಸಿ ಬಿಚ್ಚಿದ. ಇದ್ದದ್ದು ಅದೊಂದೇ, ಅದಿಲ್ಲದೆ ಮದ್ದು ಗೋಡೆ ಹತ್ತುವುದಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡು, ಪಂಪನ್ನು ಇನ್ಸ್‌ಪೆಕ್ಟರ ಬೂಟಿನ ಬಳಿ ಇಟ್ಟ.

"ಏಯ್! ಸರ್ಕಾರಿ ಸಾಮಾನು ಕಣೋ ಅದು! ನಾಳೆಯಿಂದ ಕೆಲಸ ಬೇಕೋ ಬೇಡ್ವೋ? ಬಾಯಿ ಬಿಡೋ!"

ಜವರಯ್ಯ ಬೋರಮ್ಮನ ಕೈಯಿಂದ ಕುಂಚ ಇಸಿದುಕೊಂಡ. ಸುಣ್ಣದ ಬಕೆಟ್ಟು ಎತ್ತಿಕೊಂಡು ಅಕ್ಕನ ಮನೆಯತ್ತ ನಡೆದುಬಿಟ್ಟ.