ನಾಲ್ಕು ರೊಟ್ಟಿಯ ಗಿರಾಕಿ

ರೊಟ್ಟಿ ಮಷೀನಿನ ಮುಂದೆ ನಿಲ್ಲಿಸಿ ಫೋಟೊ ತೆಗೆಯುವಾಗ ಸರ್ಕಾರಿ ಸಾಹೇಬರು ನಗಿರಿ ಅಂದರು. ನಕ್ಕೆ. ಆ ಫೋಟೊ ಈಗ ಯಾವ ಆಫೀಸಿನ ಯಾವ ಕಂಪ್ಯೂಟರಿನಲ್ಲಿದೆಯೋ, ನೋಡಿದವರು ಈ ಹೆಣ್ಣುಮಗಳು ಉದ್ಧಾರ ಆದಳು ಅಂದುಕೊಳ್ಳಬೇಕು. ಉದ್ಧಾರ! ನನ್ನ ಬಾಯಿಗೆ ಮಣ್ಣು ಬೀಳಲಿ.

ನಾನು ಸೀತವ್ವ. ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಹದಿನೆಂಟು ವರ್ಷ ನಾನು ಮತ್ತು ಬಿಬಿಜಾನ ನಮ್ಮ ಪಡಸಾಲೆಯಲ್ಲಿ ಕೂತು ಜೋಳದ ರೊಟ್ಟಿ ಮಾಡಿ ಸಿಂದಗಿ, ಇಂಡಿ ಊರುಗಳ ಖಾನಾವಳಿಗಳಿಗೆ ಕಳಿಸಿದ್ದೇವೆ. ಅವಳು ಬಡಿಯುವುದು, ನಾನು ಬೇಯಿಸುವುದು. ಅವಳು ಬಡಿದ ರೊಟ್ಟಿಯ ಅಂಚು ಎಂದೂ ಸೀಳುತ್ತಿರಲಿಲ್ಲ. ಬಾಯಿ ಮಾತ್ರ ಇಬ್ಬರದೂ ಜೋರು.

“ಸೀತಿ, ನೀ ಸುಟ್ಟ ರೊಟ್ಟಿ ನೋಡಿದ್ರ ಎಮ್ಮಿನೂ ಮಾರಿ ತಿರುಗಸ್ತೈತಿ” ಅನ್ನುವಳು.

“ಹೌದವಾ, ನಿನ್ನ ರೊಟ್ಟಿಗೆ ಮೆರವಣಿಗಿ ಮಾಡ್ತಾರ, ಸುಮ್ನ ಬಡಿ” ಅನ್ನುವೆ ನಾನು.

ಅವಳ ಮನೆ ಎರಡು ಬಾಗಿಲು ಆಚೆ. ಡಬ್ಬಿಗಳು ಓಡಾಡುತ್ತಲೇ ಇರುತ್ತಿದ್ದವು. ನಮ್ಮ ಕಡೆ ಯಾರ ಡಬ್ಬಿಯನ್ನೂ ಖಾಲಿ ಮರಳಿಸುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಬಿಬಿ ಒಮ್ಮೆ ಒಂದೇ ಒಂದು ಬೆಳ್ಳುಳ್ಳಿ ಎಸಳು ಹಾಕಿ ಕಳಿಸಿದ್ದಳು. ವಾರವೆಲ್ಲ ಅದನ್ನೇ ಹಿಡಿದುಕೊಂಡು ಅವಳನ್ನು ಕಾಡಿಸಿದ್ದೆ.

ಎರಡು ವರ್ಷದ ಹಿಂದೆ ಅವಳ ಮಣಿಕಟ್ಟು ಬಾತುಕೊಂಡಿತು. ರೊಟ್ಟಿ ಬಡಿಯುವುದು ಬಿಡಬೇಕು ಅಂದರು ಡಾಕ್ಟರು. ಆಗಲೇ ಸಿಂದಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಕಾಂತು, ಹಳ್ಳಿಯ ಸಣ್ಣ ಉದ್ಯೋಗಕ್ಕೆ ಸರ್ಕಾರದ ಸಹಾಯಧನ ಇದೆ, ರೊಟ್ಟಿ ಮಷೀನಿಗೂ ಸಿಗುತ್ತದೆ ಎಂದ. ಬಿಬಿಯ ಕೈಗಾಗಿಯೇ ನಾನು ಅರ್ಜಿ ಹಾಕಿದ್ದು. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಅರ್ಜಿಯಲ್ಲಿ ಮಾಲಕರ ಹೆಸರು ಒಂದೇ ಇರಬೇಕಿತ್ತು. “ನಿಂದ ಹಾಕು. ಹಿಟ್ಟು ಒಂದ ಪರಾತದಾಗ ಐತಿ, ಹೆಸರು ಯಾರದಿದ್ರೇನು” ಅಂದಳು. ವಿಜಯಪುರದಲ್ಲಿ ಹತ್ತು ದಿನದ ತರಬೇತಿ ಇತ್ತು, ಇಬ್ಬರೂ ಹೋಗುವವರಿದ್ದೆವು. ಹೊರಡುವ ಹಿಂದಿನ ದಿನ ನಮ್ಮವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. “ನೀ ಹೋಗು, ಅವ್ವನ್ನ ನಾ ನೋಡ್ಕೋತೇನಿ” ಅಂದಳು ಬಿಬಿ. ಹತ್ತು ದಿನವೂ ಅವ್ವನಿಗೆ ಉಣಿಸಿದಳು, ಮೈ ಒರೆಸಿದಳು, ಹೇಸಿಗೆ ಬಳಿದಳು. ನಾನು ಸರ್ಟಿಫಿಕೇಟ್ ಹಿಡಿದುಕೊಂಡು ಬಂದೆ. ಅವಳ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಕಾಂತು ಆಮೇಲೆ ನನ್ನ ಕಿವಿಯಲ್ಲಿ ಊದಿದ: “ಸೀತಕ್ಕ, ಸಾಹೇಬ್ರು ತಪಾಸಣಿಗೆ ಬಂದಾಗ ಟ್ರೇನಿಂಗ್ ಇಲ್ಲದವರು ಕೆಲಸ ಮಾಡೂದು ಕಾಣಬಾರದ್ರಿ. ಫೈಲು ಅಲ್ಲೇ ಕೂತಬಿಡ್ತೈತಿ.” ಹಾಗಂತ ಅವನಿಗೆ ಇನ್ಯಾರೋ ಹೇಳಿದ್ದರಂತೆ. ಸಾಹೇಬರು ಸೋಮವಾರ ಬರುವವರಿದ್ದರು. ಅವತ್ತು ಏನಾದರೂ ನೆಪ ಹೇಳಿ ಬಿಬಿಯನ್ನು ಮನೆಯಲ್ಲೇ ಇರಿಸಿದರಾಯಿತು ಅಂದುಕೊಂಡೆ. ಅವರು ಶನಿವಾರವೇ ಬಂದರು.

ಬಿಬಿ ನೋಯುವ ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಮೊಣಕೈ ತನಕ ಹಿಟ್ಟು.

“ಇವರ‍್ಯಾರ‍್ರಿ?” ಅಂದರು ಸಾಹೇಬರು.

“ಗಿರಾಕಿರೀ. ರೊಟ್ಟಿ ಒಯ್ಯಾಕ ಬಂದಾರ.”

ಬಿಬಿ ನನ್ನ ಮುಖ ನೋಡಿದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. “ನಾಲ್ಕು ರೊಟ್ಟಿ ಕೊಡ್ರಿ, ಬಾಯಾರ” ಅಂದಳು, ಗುರುತಿಲ್ಲದ ಹೆಂಗಸನ್ನು ಕರೆಯುವಂತೆ. ಅವಳೇ ಬಡಿದ ನಾಲ್ಕು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಅವಳಿಗೆ ಕೊಟ್ಟೆ. ಸೆರಗಿನ ಗಂಟು ಬಿಚ್ಚಿ ಹತ್ತರ ಎರಡು ನೋಟು ಪರಾತದ ಪಕ್ಕ ಇಟ್ಟು ಹೊರಟುಹೋದಳು. ಒಳಗಿನಿಂದ ಅವ್ವ “ಬಿಬೀ, ನೀರು ಕೊಡವಾ” ಎಂದು ಕೂಗಿದಳು. ಸಾಹೇಬರಿಗೆ ಕೇಳಿಸಬಾರದೆಂದು ಒಳಗಿನ ಬಾಗಿಲು ಎಳೆದುಕೊಂಡೆ.

ಸಂಜೆ ಅವಳ ಮನೆಗೆ ಓಡಿದೆ. ಬಾಗಿಲಲ್ಲಿ ಅವಳ ಸೊಸೆ ಸಗೀರಾ ನಿಂತಿದ್ದಳು. “ಅಮ್ಮಾ ಮಲಗ್ಯಾರ್ರಿ, ಸೀತಾ ಖಾಲಾ. ಕೈ ಭಾಳ ನೋಯಾಕತ್ತೈತಂತ.” ಮರುದಿನವೂ ಹಾಗೇ ಅಂದಳು, ಅದರ ಮರುದಿನವೂ. ಆಮೇಲೆ ನನಗೆ ಹೋಗಲು ಮುಖವಿರಲಿಲ್ಲ. ಮಷೀನು ಬರಲಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಗುಂಡಿ ಒತ್ತಿಸುತ್ತೇನೆ, ಎಲ್ಲ ಸರಿಹೋಗುತ್ತದೆ ಅಂದುಕೊಂಡು ಐದು ತಿಂಗಳು ದೂಡಿದೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಮಷೀನು ಬಂತು. ಫೋಟೊ ತೆಗೆದಾದ ಮೇಲೆ ಸಾಹೇಬರು ಚಹಾ ಕುಡಿಯುತ್ತಾ ಕೇಳಿದರು: “ಅವತ್ತಿನ ಆ ಗಿರಾಕಿ ಎಲ್ಲದಾರ‍್ರಿ? ಮೊಣಕೈ ತನಕಾ ಹಿಟ್ಟಿತ್ತಲ್ಲ ಅವರಿಗೆ.”

ಕೇಳಿಸದವಳಂತೆ ಸೆರಗಿನಿಂದ ಮಷೀನಿನ ಧೂಳು ಒರೆಸತೊಡಗಿದೆ.

“ಅವರ ಹೆಸರೂ ಬರಸಬೇಕಿತ್ತು ನೀವು. ಟ್ರೇನಿಂಗ್ ಮಾಲಕರಿಗಷ್ಟ ಬೇಕು, ಕೆಲಸದವರಿಗೆ ಬ್ಯಾಡ್ರಿ.”

ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಮಾತು! ಒಂದು ರೊಟ್ಟಿ ಮುರಿದಿದೆ ಎಂದ ಖಾನಾವಳಿಯವನ ಜನ್ಮ ಜಾಲಾಡಿದವಳು ನಾನು. ಸಾಹೇಬರನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ. ಫೈಲು ಕೂತುಬಿಟ್ಟರೆ ಎಂಬ ಹೆದರಿಕೆಗೆ ಬಿಬಿಯನ್ನೇ ಹೊರಗೆ ಹಾಕಿದೆ.

ಆ ಮಧ್ಯಾಹ್ನ ಮಷೀನು ಬಂದ್ ಮಾಡಿ, ಕೈಯಲ್ಲೇ ಹತ್ತು ರೊಟ್ಟಿ ಬಡಿದೆ. ಮೇಲೆ ಎಳ್ಳು ಹಚ್ಚಿದೆ. ಅಂಚೆಲ್ಲ ಸೀಳಿದವು. ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹೋದೆ. ಬಿಬಿ ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊದಲಿಗಿಂತ ಇಳಿದುಹೋಗಿದ್ದಳು. ಕೂಡು ಅಂದಳು, ಚಾಪೆ ಹಾಸಿದಳು.

“ತಪ್ಪಾತ ಬಿಬಿ. ಹೆದರಿಬಿಟ್ನಿ. ಬೇಕಾದ್ರ ನನ್ನ ನಾಲಿಗಿ ಕತ್ತರಸು.”

ಅವಳು ಬೇಳೆಯಿಂದ ಕಣ್ಣೆತ್ತಲಿಲ್ಲ. “ಸುಳ್ಳ ಹೇಳಿದ್ದಕ್ಕ ಸಿಟ್ಟಿಲ್ಲ, ಸೀತಿ. ಮೊದಲ ಹೇಳಿದ್ರ ನಾನ ಮನ್ಯಾಗ ಕೂಡ್ತಿದ್ನಿ. ಆದ್ರ ನೀ ರೊಕ್ಕಾ ತಗೊಂಡಿ.”

“ಸಾಹೇಬ್ರು ಎದರಿಗೆ ನಿಂತಿದ್ರಲ್ಲವಾ...”

“ಸಾಹೇಬ್ರು ಹ್ವಾದ ಮ್ಯಾಲ ತಂದು ಕೊಡಬೇಕಿತ್ತಲ್ಲ. ಅವತ್ತ ಸಂಜಿ ತನಕಾ ಹಾದಿ ನೋಡಿದ್ನಿ ನಾನು. ಬರಿಗೈಲೆ ಬಂದಿ ನೀ.”

ಆ ಇಪ್ಪತ್ತು ರೂಪಾಯಿ ಎಲ್ಲಿ ಹೋಯಿತು? ಅಂದಿನ ರೊಟ್ಟಿಯ ದುಡ್ಡಿನ ಜೊತೆ ಡಬ್ಬಕ್ಕೆ ಬಿದ್ದಿರಬೇಕು. ನನಗೆ ನೆನಪೇ ಇರಲಿಲ್ಲ. ನೆನಪಾಗಲಿಲ್ಲ ಎನ್ನುವುದು ದುಡ್ಡು ತೆಗೆದುಕೊಂಡಿದ್ದಕ್ಕಿಂತ ಹೆಚ್ಚಿನ ತಪ್ಪು ಎಂದು ಅವಳ ಮುಖ ನೋಡಿದಾಗ ತಿಳಿಯಿತು. ಡಬ್ಬಿಯನ್ನು ಅಲ್ಲೇ ಇಟ್ಟು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಸಗೀರಾ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಳು. “ಅಮ್ಮಾ ಕೊಟ್ಟು ಬಾ ಅಂದ್ರು” ಎಂದು ತಲೆ ತಗ್ಗಿಸಿಕೊಂಡು ಹೋದಳು. ಬೂದಿ ಹಚ್ಚಿ ತಿಕ್ಕಿ ತೊಳೆದ ಡಬ್ಬಿ. ಎತ್ತಿಕೊಂಡಾಗಲೇ ಕೈಗೆ ಗೊತ್ತಾಯಿತು, ಆದರೂ ಮುಚ್ಚಳ ತೆಗೆದೆ. ಮೂಲೆಗೆಲ್ಲ ಬೆರಳು ಹಾಕಿ ನೋಡಿದೆ. ಸಕ್ಕರೆಯ ಒಂದು ಹರಳೂ ಇರಲಿಲ್ಲ. ಒಂದು ಬೆಳ್ಳುಳ್ಳಿ ಎಸಳಾದರೂ ಹಾಕಬಾರದಿತ್ತೇ, ಬಿಬಿ?

“ಯಾರವಾ? ಬಿಬಿ ಬಂದಳೇನು?” ಅಂದಳು ಅವ್ವ, ಒಳಗಿನಿಂದ.

“ಇಲ್ಲವ್ವಾ. ಬಿಬಿ ಇನ್ನ ಬರೂದಿಲ್ಲ.”

ಅಷ್ಟು ಹೇಳಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮಷೀನಿನ ಪಕ್ಕದಲ್ಲೇ ಕುಸಿದು ಅತ್ತೆ. ಅವ್ವನಿಗೆ ಕಿವಿ ಮಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, ಬಿಬಿ ಉಂಡಳೇನು ಅಂತ.